ಗೆರೆ ತಪ್ಪಿದ ಬಲಗಾಲು

ರೆಕಾರ್ಡಿಂಗಿನಲ್ಲಿ ಕೇಳಿಸುವ ಡ್ರಮ್ಮು ನನ್ನದಲ್ಲ ಅಂತ ನನಗೆ ಮೊದಲು ಹೇಳಿದವನು ಕೊಕ್ಕರೆ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಅದು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಬಾಸ್ ಗಿಟಾರು ನೇತುಹಾಕಿಕೊಂಡು ಮೈಭಾರವನ್ನೆಲ್ಲ ಒಂದೇ ಕಾಲಿಗೆ ಬಿಟ್ಟು ನಿಲ್ಲುತ್ತಾನೆ, ಅದಕ್ಕೇ ಕೊಕ್ಕರೆ. ಮೀಸೆ ಚಿಗುರಿದಾಗಿನಿಂದ ನಾವಿಬ್ಬರೂ ಜೊತೆ. ಹೋಟೆಲುಗಳಲ್ಲಿ, ಕ್ಲಬ್ಬುಗಳಲ್ಲಿ, ಊಟದ ಮೇಲೇ ಕಣ್ಣಿಟ್ಟವರ ಪಾರ್ಟಿಗಳಲ್ಲಿ ನುಡಿಸಿ ತಲೆ ಬೆಳ್ಳಗೆ ಮಾಡಿಕೊಂಡವರು. ಡ್ರಮ್ಮೂ ಬಾಸೂ ಗಂಡ ಹೆಂಡಿರ ಹಾಗೆ. ಹಾಡುವವರು ಬರುತ್ತಾರೆ, ಚಪ್ಪಾಳೆ ತಗೊಂಡು ಹೋಗುತ್ತಾರೆ. ಹಿಂದೆ ಕೂತು ಕಚ್ಚಾಡಿಕೊಂಡು ಸಂಸಾರ ತೂಗಿಸುವವರು ನಾವು.

ಅವತ್ತು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅಭ್ಯಾಸ ನಡೆಯುತ್ತಿತ್ತು. ಕೆಳಗೆ ಗಾಳಿ ತುಂಬುವ ಯಂತ್ರ ಬುಸ್ ಬುಸ್ ಅನ್ನುತ್ತಿತ್ತು. ಹಾಡಿನ ನಡುವೆ ಕೊಕ್ಕರೆ ತಂತಿಗಳ ಮೇಲೆ ಅಂಗೈ ಇಟ್ಟು ನಿಲ್ಲಿಸಿಬಿಟ್ಟ.

"ಯಾಕೋ ನಿಂತೆ?" ಅಂದೆ.

"ನಿನ್ನನ್ನ ಕಾಯ್ತಾ ಇದ್ದೀನಿ."

"ನಾನು ಇಲ್ಲೇ ಇದ್ದೀನಲ್ಲ."

"ನೀನಿದ್ದೀಯ. ನಿನ್ನ ಕಾಲು ಇನ್ನೂ ಮೆಟ್ಟಿಲು ಹತ್ತುತ್ತಾ ಇದೆ."

ಹಾಡುವವಳು ಮೈಕಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ನನಗೆ ಮೈ ಉರಿಯಿತು. ಒಂದು ಕಾಲದಲ್ಲಿ ಹೋಟೆಲಿನ ಮ್ಯಾನೇಜರ್ ಒಬ್ಬ ನನ್ನ ತಾಳ ಕೇಳಿ, ಇವರನ್ನು ನೋಡಿ ಗಡಿಯಾರ ಸರಿ ಮಾಡಿಕೊಳ್ಳಬಹುದು ಅಂದಿದ್ದ. ಆ ಮಾತನ್ನು ಬಂದವರಿಗೆ ಹೋದವರಿಗೆ ಹೇಳಿ ಹೇಳಿ ನಾನೇ ಸವೆಸಿದ್ದೇನೆ. ಅಂಥವನಿಗೆ ಈ ಮಾತು.

"ಪೆಡಲಿನ ಸ್ಪ್ರಿಂಗ್ ಹೋಗಿದೆ," ಅಂದೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಡ್ರಮ್ಮುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನೆಲದ ಮೇಲೆ ಮಗ್ಗುಲಾಗಿ ಮಲಗಿರುತ್ತದೆ, ಅದಕ್ಕೆ ಕಿಕ್ ಅನ್ನುತ್ತಾರೆ. ಬಲಗಾಲಿನಲ್ಲಿ ಪೆಡಲ್ ತುಳಿದರೆ ಒಂದು ಉಂಡೆ ಹೋಗಿ ಅದಕ್ಕೆ ಬಡಿಯುತ್ತದೆ. ಎಡಗಾಲಿನ ಕೆಳಗೆ ಇನ್ನೊಂದು ಪೆಡಲ್, ಅದು ಜೋಡಿ ಕಂಚಿನ ತಟ್ಟೆಗಳ ಬಾಯಿ ತೆರೆದು ಮುಚ್ಚುತ್ತದೆ. ಆ ಬಲಗಾಲಿನ ಪೆಡಲ್ ಕೆಲವು ತಿಂಗಳಿನಿಂದ ಹೇಳಿದ ಮಾತು ಕೇಳುತ್ತಿರಲಿಲ್ಲ. ಎಣ್ಣೆ ಬಿಟ್ಟೆ. ಸ್ಪ್ರಿಂಗ್ ಬದಲಿಸಿದೆ. ಬಲಗಾಲಿನ ಚಪ್ಪಲಿಯೂ ಅಷ್ಟೆ, ನಡೆಯುವಾಗ ದಾರಿಯಲ್ಲೇ ಉಳಿದುಬಿಡುತ್ತಿತ್ತು. ಅಂಗಡಿಯವನಿಗೆ ಬೈದು ಹೊಸ ಜೊತೆ ತಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೊಂದು ಬಿಟ್ಟು ಮಿಕ್ಕವರಿಗೆಲ್ಲ ಬೈದಿದ್ದೆ.

ಕೊಕ್ಕರೆ ಗಿಟಾರನ್ನು ಗೋಡೆಗೆ ಒರಗಿಸಿ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಸೊಸೆ ಕಳಿಸಿದ ಹಾಡಿನ ಮೇಲೆ ಮೊನ್ನೆ ಬಾಸ್ ನುಡಿಸಿದೆ. ಡ್ರಮ್ಮು ಗೋಡೆ ಇದ್ದಂಗಿತ್ತು. ಒರಗಿ ನಿದ್ದೆ ಮಾಡಬಹುದು. ಇಲ್ಲಿ ಬಂದ್ರೆ ನೀನು ಹಿಂಗೆ ತೆವಳ್ತೀಯ. ಅಲ್ಲಿ ನುಡಿಸಿದೋನು ಯಾರೋ?"

"ನಾನೇ ಕಣೋ."

"ನಿನ್ನ ತಲೆ. ಇಷ್ಟು ವರ್ಷ ನಿನ್ನ ಜೊತೆ ಬಾಳಿದ್ದೀನಿ. ಆ ಕಾಲು ನಿನ್ನದಲ್ಲ."

"ಬಾ ಮನೆಗೆ," ಅಂದೆ. "ಸೊಸೆ ಹತ್ರ ನಾನು ನುಡಿಸಿದ್ದು ನುಡಿಸಿದ ಹಾಗೇ ಇರುತ್ತೆ. ನಿನ್ನ ಕಿವಿಗೇ ಹಾಕಿಸ್ತೀನಿ. ನನ್ನದೇ ಅಂತಾದ್ರೆ ಎಲ್ಲರ ಮುಂದೆ ಕಿವಿ ಹಿಡ್ಕೊಂಡು ತಪ್ಪಾಯ್ತು ಅನ್ನಬೇಕು."

"ನಿನ್ನದಲ್ಲ ಅಂತಾದ್ರೆ?"

"ಈ ಕಡ್ಡಿ ನಿನ್ನ ಕೈಗೆ ಕೊಟ್ಟು ಮನೇಲಿ ಕೂರ್ತೀನಿ. ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ."

ಸಿಟ್ಟಿನಲ್ಲಿ ಆಡಿದ ಮಾತು. ನಾನು ಆ ಸ್ಟೂಲು ಬಿಟ್ಟರೆ ಇನ್ನೆಲ್ಲಿ ಕೂರಬೇಕು ಅಂತ ನನಗೇ ಗೊತ್ತಿರಲಿಲ್ಲ.

ನಮ್ಮ ಮನೆಯ ಕಾರ್ ಶೆಡ್ಡೇ ರೆಕಾರ್ಡಿಂಗ್ ಕೋಣೆ. ಮಗ ಹಡಗಿನ ಕೆಲಸದವನು, ಅರ್ಧ ವರ್ಷ ನೀರಿನ ಮೇಲಿರುತ್ತಾನೆ. ಅವನ ಕಾರನ್ನು ಬೀದಿಗೆ ತಳ್ಳಿ ಸೊಸೆ ಗೋಡೆಗೆಲ್ಲ ಸ್ಪಂಜು ಬಡಿದು, ರತ್ನಗಂಬಳಿ ಹಾಸಿ, ಮೈಕುಗಳನ್ನು ನಿಲ್ಲಿಸಿದ್ದಳು. ಬಾಗಿಲು ಮಾತ್ರ ಹಳೆಯ ಕಬ್ಬಿಣದ ಶಟರ್. ಅದು ಪೂರ್ತಿ ಮೇಲೆ ಹೋಗುವುದಿಲ್ಲ, ಬಗ್ಗಿಯೇ ಒಳಗೆ ಬರಬೇಕು. ಒಂದು ಸಲ ನನ್ನ ತಲೆಗೆ ಬಡಿದ ಮೇಲೆ ಅದರ ಅಂಚಿಗೂ ಸ್ಪಂಜು ಅಂಟಿಸಿದ್ದಳು. ಒಳ್ಳೆಯ ಹುಡುಗಿ. ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಮರ್ಯಾದೆ. ಆ ಮರ್ಯಾದೆಯೇ ನನಗೆ ಮುಳುವಾಯಿತು ಅಂತ ಆಮೇಲೆ ಗೊತ್ತಾಗಿದ್ದು.

ನಾವು ಮುದುಕರೆಲ್ಲ ಸೇರಿ ಸ್ವಂತ ಹಾಡುಗಳನ್ನು ರೆಕಾರ್ಡ್ ಮಾಡುತ್ತಿದ್ದೆವು. ಮೊದಲು ನಾನೊಬ್ಬನೇ ಡ್ರಮ್ ನುಡಿಸಬೇಕು. ಕಿವಿಯ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಅಂತ ಯಂತ್ರ ಬಡಿದುಕೊಳ್ಳುತ್ತದೆ, ಅದರ ಜೊತೆಗೆ ನಡೆಯಬೇಕು. ಒಂದೊಂದು ಡ್ರಮ್ಮಿಗೂ ಒಂದೊಂದು ಮೈಕು. ಮುಗಿದ ತಕ್ಷಣ ಸೊಸೆ, "ತುಂಬ ಚೆನ್ನಾಗಿ ಬಂತು ಮಾವ, ಹೋಗಿ ಒಂದು ಟೀ ಕುಡಿದು ಬನ್ನಿ, ಅಷ್ಟರಲ್ಲಿ ಕೇಳೋಕೆ ರೆಡಿ ಮಾಡ್ತೀನಿ," ಅನ್ನುತ್ತಿದ್ದಳು. ನಾನು ಟೀ ಕುಡಿದು ಬಂದು ಕೇಳಿದರೆ, ಅಬ್ಬ, ಈ ವಯಸ್ಸಿನಲ್ಲೂ ಏನು ಕಾಲಯ್ಯ ಅಂತ ನನಗೇ ದೃಷ್ಟಿಯಾಗಬೇಕು, ಹಾಗೆ.

ನಾವಿಬ್ಬರೂ ಶಟರಿಗೆ ಬಗ್ಗಿ ಒಳಗೆ ಹೋದಾಗ ಸೊಸೆ ಕುರ್ಚಿಯಲ್ಲಿ ಕಾಲು ಮಡಿಸಿ ಕೂತು ಪರದೆ ನೋಡುತ್ತಿದ್ದಳು. ಹೆಡ್‌ಫೋನ್ ಕೊರಳಿನಲ್ಲಿತ್ತು.

"ನಾನು ಮೊನ್ನೆ ನುಡಿಸಿದ್ದು ಹಾಕಮ್ಮ. ಮೂಲ. ನುಡಿಸಿದ್ದು ನುಡಿಸಿದ ಹಾಗೇ ಇರಬೇಕು," ಅಂದೆ.

ಅವಳ ಕೈ ಮೌಸಿನ ಮೇಲೆ ಹಾಗೇ ನಿಂತಿತು. "ಅದ್ಯಾಕೆ ಮಾವ ಈಗ? ಬರೀ ಗಲಾಟೆ ಇರುತ್ತೆ ಅದರಲ್ಲಿ."

"ಇರಲಿ. ಇವನಿಗೆ ಗಲಾಟೆ ಅಂದ್ರೆ ಇಷ್ಟ."

"ಹುಡುಕಬೇಕು. ನೀವಿಬ್ಬರೂ ಟೀ ಕುಡಿದು ಬನ್ನಿ, ಅಷ್ಟರಲ್ಲಿ ತೆಗೆದಿಡ್ತೀನಿ." ಹೇಳುತ್ತಲೇ ಎಡಗೈಯಲ್ಲಿ ಫೋನು ತಗೊಂಡು ಏನೋ ಒತ್ತಿದಳು.

"ಟೀ ಆಯ್ತಮ್ಮ," ಅಂದ ಕೊಕ್ಕರೆ. ಒಂದೇ ಕಾಲಿನ ಮೇಲೆ ನಿಂತು ಗೋಡೆಗೆ ಒರಗಿದ. ಅವನು ಹಾಗೆ ನಿಂತನೆಂದರೆ ಕ್ರೇನ್ ತಂದರೂ ಅಲ್ಲಾಡುವುದಿಲ್ಲ.

ಸೊಸೆ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. ಆಮೇಲೆ ಪರದೆಯ ಕಡೆ ತಿರುಗಿ ಏನನ್ನೋ ಒತ್ತಿದಳು.

ಪರದೆಯ ಮೇಲೆ ಶಬ್ದ ಹೇಗೆ ಕಾಣುತ್ತದೆ ಅಂದರೆ, ಪ್ರತಿ ಏಟೂ ಒಂದು ಮುಳ್ಳಿನ ಹಾಗೆ ಎದ್ದು ನಿಂತಿರುತ್ತದೆ. ಕಿಕ್ಕಿನದು ಒಂದು ಸಾಲು, ಎಡಗೈ ಬಡಿಯುವ ಸ್ನೇರ್ ಡ್ರಮ್ಮಿನದು ಒಂದು ಸಾಲು, ತಟ್ಟೆಗಳದು ಒಂದು ಸಾಲು. ಮೇಲಿನಿಂದ ಕೆಳಗೆ ಕಿಟಕಿ ಸರಳಿನ ಹಾಗೆ ಗೆರೆಗಳು. ಆ ಗೆರೆ ಅಂದರೆ ಟಿಕ್ ಟಿಕ್ಕಿನ ಜಾಗ. ಏಟು ಗೆರೆಯ ಮೇಲೆ ಬಿದ್ದರೆ ಸರಿ, ಗೆರೆ ದಾಟಿದರೆ ತಡ. ನಾನು ಇದುವರೆಗೆ ನೋಡಿದಾಗಲೆಲ್ಲ ಕಿಕ್ಕಿನ ಮುಳ್ಳುಗಳು ಸೈನಿಕರ ಹಾಗೆ ಗೆರೆಯ ಮೇಲೇ ನಿಂತಿರುತ್ತಿದ್ದವು. ಈಗ ಅವಳು ಒತ್ತಿದ ಕೂಡಲೇ ಆ ಸಾಲು ಮಾತ್ರ ಚದುರಿಹೋಯಿತು. ಒಂದು ಮುಳ್ಳು ಗೆರೆಯ ಆಚೆ, ಇನ್ನೊಂದು ಇನ್ನೂ ಆಚೆ. ಕೆಲವು ಕಡೆ ಮುಳ್ಳೇ ಇಲ್ಲ.

"ಹಾಕಲಾ ಮಾವ?" ಅಂದಳು.

"ಹಾಕು."

ಹಾಕಿದಳು.

ಹೇಗೆ ಹೇಳಲಿ. ಕುಡಿದು ಬಂದವನು ಕತ್ತಲೆಯಲ್ಲಿ ಬಾಗಿಲು ತಟ್ಟುತ್ತಾನಲ್ಲ, ಹಾಗೆ. ಕೈಗಳು ತಮ್ಮ ಪಾಡಿಗೆ ಸರಿಯಾಗಿ ಹೋಗುತ್ತಿದ್ದವು. ಕೆಳಗಿನ ಕಿಕ್ ಮಾತ್ರ ಒಂದು ಏಟು ತಡ, ಒಂದು ಏಟು ಅರ್ಧ, ಒಂದು ಏಟು ಇಲ್ಲವೇ ಇಲ್ಲ. ಹಾಡಿನ ಕೊನೆಗೆ ಬರುತ್ತಾ ಕಾಲು ಎಳೆದುಕೊಂಡು ಹೋಗುವ ಸದ್ದು. ಬರೀ ಸದ್ದು ಕೇಳಿ ಕುಂಟನ ಚಿತ್ರ ಬರೆಯಬಹುದಿತ್ತು.

"ಯಾರಮ್ಮ ಇದು?" ಅಂತ ಕೇಳಿದೆ. ತಮಾಷೆಗಲ್ಲ. ನಿಜವಾಗಿಯೂ ಕೇಳಿದೆ.

"ನೀವೇ ಮಾವ."

"ಸುಳ್ಳು ಹೇಳಬೇಡ."

ಅವಳು ಹಾಡಿನ ಕೊನೆಯ ತುದಿಗೆ ಹೋಗಿ ಒತ್ತಿದಳು. ತಟ್ಟೆಯ ಸದ್ದು ಆರುತ್ತಿತ್ತು. ಅದರ ಹಿಂದಿನಿಂದ ನನ್ನದೇ ಗಂಟಲು: "ಹೆಂಗೆ? ಗಡಿಯಾರ ಸರಿ ಮಾಡ್ಕೋ ಬೇಕಾದ್ರೆ."

ನನ್ನ ಕೈಯಲ್ಲಿದ್ದ ಕಡ್ಡಿಗಳು ರತ್ನಗಂಬಳಿಯ ಮೇಲೆ ಬಿದ್ದವು. ನಾನು ಬೀಳಿಸಿದ್ದಲ್ಲ. ಅವೇ ಬಿದ್ದವು. ಕೊಕ್ಕರೆ ಎರಡೂ ಕಾಲಿನ ಮೇಲೆ ನಿಂತುಬಿಟ್ಟಿದ್ದ. ಗೆದ್ದವನ ಮುಖ ಆಗಿರಲಿಲ್ಲ ಅದು.

"ಮತ್ತೆ ನಾನು ಕೇಳ್ತಿದ್ದಿದ್ದು?" ಅಂದೆ.

ಅವಳು ತೋರಿಸಿದಳು. ಒಂದು ಏಟಿನ ಆ ಕಡೆ ಈ ಕಡೆ ಕತ್ತರಿ ಹಾಕುತ್ತಾಳೆ. ಆ ತುಂಡನ್ನು ಹಿಡಿದು ಎಳೆದು ಗೆರೆಗೆ ಕೂರಿಸುತ್ತಾಳೆ. ಎರಡು ಕಡೆಯ ಹರಿದ ಅಂಚನ್ನು ಹೊಲಿಗೆ ಕಾಣದ ಹಾಗೆ ಬೆಸೆಯುತ್ತಾಳೆ. ಏಟೇ ಇಲ್ಲದ ಜಾಗಕ್ಕೆ ನನ್ನದೇ ಒಂದು ಒಳ್ಳೆಯ ಏಟನ್ನು ಬೇರೆ ಕಡೆಯಿಂದ ತಂದು ಅಂಟಿಸುತ್ತಾಳೆ. ಹೀಗೆ ಇಡೀ ಹಾಡು.

"ಎಲ್ಲರಿಗೂ ಮಾಡ್ತಾರೆ ಮಾವ. ದೊಡ್ಡ ದೊಡ್ಡೋರಿಗೂ ಮಾಡ್ತಾರೆ," ಅಂದಳು.

"ಇಷ್ಟೊಂದಾ?"

ಅಷ್ಟರಲ್ಲಿ ಶಟರಿನ ಕೆಳಗಿನಿಂದ ಮೊದಲು ಟೀ ತಟ್ಟೆ ಬಂತು, ಅದರ ಹಿಂದೆ ನಮ್ಮವಳು ಬಂದಳು.

"ಏನ್ರೀ ಇದು," ಅಂದಳು ನನ್ನ ಹೆಂಡತಿ. "ಮಾವನನ್ನ ಸ್ವಲ್ಪ ಜಾಸ್ತಿ ಹೊತ್ತು ಹಿಡ್ಕೊಳ್ಳಿ ಅತ್ತೆ ಅಂತ ಮೆಸೇಜ್ ಬಂತು. ಹಿಡ್ಕೊಳ್ಳೋಕೆ ನೀವು ಒಳಗೆ ಬಂದ್ರೆ ತಾನೆ? ಟೀ ಆರಿಹೋಗ್ತಿದೆ ಅಂತ ನಾನೇ ತಂದೆ."

ಸೊಸೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆ ಟೀಗಳು. ಒಂದು ಮುಗಿದ ಮೇಲೆ ನಮ್ಮವಳು, ಇನ್ನೊಂದರ್ಧ ಹಾಕಲಾ ಅನ್ನುತ್ತಿದ್ದಳು. ಅದೂ ಮುಗಿದ ಮೇಲೆ, ನಲ್ಲಿ ಸೋರ್ತಿದೆ ನೋಡಿ ಅನ್ನುತ್ತಿದ್ದಳು. ನಾನು, ಪರವಾಗಿಲ್ಲ, ಇಷ್ಟು ವರ್ಷದ ಮೇಲೆ ಇವಳಿಗೆ ನನ್ನ ಮೇಲೆ ಪ್ರೀತಿ ಹುಟ್ಟಿದೆ ಅಂದುಕೊಂಡಿದ್ದೆ. ನಾನು ಅಲ್ಲಿ ಟೀ ಹೀರುತ್ತಿದ್ದರೆ ಇಲ್ಲಿ ನನ್ನ ಕಾಲನ್ನು ಎಳೆದು ಎಳೆದು ಗೆರೆಗೆ ಕೂರಿಸುತ್ತಿದ್ದರು.

"ನಿನಗೂ ಗೊತ್ತಿತ್ತಾ?" ಅಂದೆ ಅವಳಿಗೆ.

"ನನಗೇನು ಗೊತ್ತು ನಿಮ್ಮ ಡಬಡಬ. ಮಾವನಿಗೆ ವಯಸ್ಸಾಯ್ತು, ಸ್ವಲ್ಪ ಅಲ್ಲಿ ಇಲ್ಲಿ ತಪ್ಪುತ್ತೆ, ಕೇಳಿದ್ರೆ ನೊಂದ್ಕೋತಾರೆ, ಸರಿ ಮಾಡಿಬಿಡ್ತೀನಿ ಅಂದ್ಲು. ಒಳ್ಳೇದೇ ಅಲ್ವಾ ಅಂದೆ. ತಪ್ಪೇನು ಅದರಲ್ಲಿ?"

ನನಗೆ ಬಂದ ಸಿಟ್ಟನ್ನು ಈಗ ವರ್ಣಿಸುವುದಿಲ್ಲ. ಬಗ್ಗಿ ಕಡ್ಡಿಗಳನ್ನು ಎತ್ತಿ ಕೊಕ್ಕರೆಯ ಎದೆಗೆ ಹಿಡಿದೆ. "ತಗೋ. ಮಾತು ಅಂದ್ರೆ ಮಾತು."

ಅವನು ತಗೊಳ್ಳಲಿಲ್ಲ. ನನ್ನನ್ನು ನೋಡಲೂ ಇಲ್ಲ. ಪರದೆಗೆ ಮೂಗು ತಗುಲುವಷ್ಟು ಹತ್ತಿರ ಹೋಗಿದ್ದ.

"ಈ ಸಾಲು ಯಾವುದಮ್ಮ?"

"ಅದು ಎಡಗಾಲಿಂದು, ಚಿಕ್ಕಪ್ಪ. ತಟ್ಟೆ."

"ಇದನ್ನೂ ಎಳೆದು ಕೂರಿಸಿದ್ದೀಯಾ?"

"ಇಲ್ಲ. ಅದು ಸರಿಯಾಗೇ ಇರುತ್ತೆ. ಬರೀ ಬಲಗಾಲು."

ಕೊಕ್ಕರೆ ನನ್ನ ಕಡೆ ತಿರುಗಿದ. "ಲೋ. ವಯಸ್ಸಾದ್ರೆ ಎರಡೂ ಕಾಲಿಗೆ ಆಗಬೇಕಲ್ವೇನೋ? ನಿನ್ನ ಬಲಗಾಲು ಎಡಗಾಲಿಗಿಂತ ಮೊದಲೇ ಹುಟ್ತಾ?"

ಯಾರೂ ನಗಲಿಲ್ಲ.

"ಚಪ್ಪಲಿ ಬಿಡು," ಅಂದ. "ಕೂತ್ಕೋ. ಪೆಡಲು ಗಿಡಲು ಬೇಡ. ಬರೀ ನೆಲ ತಟ್ಟು. ಮೊದಲು ಎಡಗಾಲು."

ಕೂತೆ. ಎಡಗಾಲು ತಟ್ಟಿದೆ. ಪಟಪಟ ಅಂತ ಹೋಯಿತು.

"ಈಗ ಬಲಗಾಲು."

ತಟ್ಟು ಅಂತ ನಾನು ಹೇಳಿದೆ, ಕಾಲು ಕೇಳಿಸಿಕೊಂಡಿತು, ಸ್ವಲ್ಪ ಯೋಚನೆ ಮಾಡಿತು, ಆಮೇಲೆ ತಟ್ಟಿತು. ಮತ್ತೆ ಹೇಳಿದೆ. ಮತ್ತೆ ಯೋಚನೆ. ಹತ್ತಿಪ್ಪತ್ತು ಸಲ ಆದ ಮೇಲೆ ಹಿಮ್ಮಡಿ ಊರಿಕೊಂಡು ಪಾದ ಮೇಲೇಳುವುದನ್ನೇ ಬಿಟ್ಟಿತು. ನಾನು ಅದನ್ನೇ ನೋಡುತ್ತಾ ಕೂತೆ. ಹುಟ್ಟಿದಾಗಿನಿಂದ ಜೊತೆಗಿದ್ದ ಕಾಲು, ಯಾರದ್ದೋ ಮನೆಯ ಕಾಲಿನ ಹಾಗೆ ರತ್ನಗಂಬಳಿಯ ಮೇಲೆ ಬಿದ್ದಿತ್ತು. ಇಲ್ಲಿ ಪೆಡಲ್ ಇಲ್ಲ, ಸ್ಪ್ರಿಂಗ್ ಇಲ್ಲ, ಚಪ್ಪಲಿ ಇಲ್ಲ. ಬೈಯಲು ಒಬ್ಬರೂ ಉಳಿದಿರಲಿಲ್ಲ.

"ಯಾವಾಗಿಂದಮ್ಮ ಇದು?" ಅಂತ ಕೊಕ್ಕರೆ ಕೇಳಿದ.

ತಾನು ತಿದ್ದಿದ ತುಂಡಿಗೆ ಕಿತ್ತಳೆ ಬಣ್ಣ ಹಾಕುವುದು ಸೊಸೆಯ ರೂಢಿ, ತಪ್ಪಾದರೆ ಹಿಂದಕ್ಕೆ ಹೋಗಿ ಹುಡುಕಲು ಅನುಕೂಲ ಅಂತ. ಅವಳು ಹಾಡುಗಳನ್ನು ಮೊದಲಿನಿಂದ ಒಂದೊಂದಾಗಿ ತೆರೆದಳು. ಮೊದಲ ಹಾಡುಗಳಲ್ಲಿ ಕಿಕ್ಕಿನ ಸಾಲು ಪೂರಾ ನೀಲಿ. ಆಮೇಲಿನ ಹಾಡಿನಲ್ಲಿ ಕಡೆಗೆ ಒಂದೆರಡು ಕಿತ್ತಳೆ. ಅದರ ಮುಂದಿನದರಲ್ಲಿ ಅರ್ಧ. ಮೊನ್ನೆಯದು ಮೊದಲಿನಿಂದ ಕೊನೆವರೆಗೆ ಕಿತ್ತಳೆ. ಅವಳೇ ಹಾಕಿದ ಬಣ್ಣ, ಆದರೆ ಎಲ್ಲವನ್ನೂ ಹೀಗೆ ಒಟ್ಟಿಗೆ ಸಾಲಾಗಿ ಅವಳೂ ಯಾವತ್ತೂ ನೋಡಿರಲಿಲ್ಲ. ಒಂದೊಂದು ಹಾಡನ್ನು ಒಂದೊಂದು ದಿನ ಸರಿಮಾಡಿ ಮುಚ್ಚಿಟ್ಟವಳು.

"ಅತ್ತೆ," ಅಂದಳು. "ಆಸ್ಪತ್ರೆಗೆ ಹೋಗೋಣ. ಈಗಲೇ."

ಟೀ ಅಲ್ಲೇ ಆರಿತು.

ಕೊಕ್ಕರೆಯೇ ಕಾರು ಓಡಿಸಿದ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ನನ್ನ ಬಲಗಾಲನ್ನೇ ನೋಡುತ್ತಿದ್ದ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಸೊಸೆ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಹಿಂದೆ ನಮ್ಮವಳ ಪಕ್ಕ ಕೂತಿದ್ದಳು.

ಡಾಕ್ಟರಮ್ಮ ಗಡಿಬಿಡಿಯ ಹೆಂಗಸಲ್ಲ. ಕಣ್ಣು ಮುಚ್ಚಿ ಎರಡೂ ಕೈ ಮುಂದಕ್ಕೆ ಚಾಚಿ ಅಂದರು. ಚಾಚಿದೆ. "ಕಣ್ಣು ಬಿಡಿ," ಅಂದಾಗ ನೋಡಿದರೆ ಬಲಗೈ ಎಡಗೈಗಿಂತ ಒಂದು ಗೇಣು ಕೆಳಗೆ ಇಳಿದಿತ್ತು. ನಾನು ಇಳಿಸಿರಲಿಲ್ಲ. ಕೈಯೂ ಹೊರಟಿತ್ತು ಅಂತಾಯಿತು.

"ಯಾವಾಗಿಂದ ಹೀಗಿದೆ?" ಅಂದರು.

ಸೊಸೆ ಲ್ಯಾಪ್‌ಟಾಪ್ ತೆರೆದು ನೀಲಿ, ಕಿತ್ತಳೆ ಎಲ್ಲ ತೋರಿಸಿದಳು. ಡಾಕ್ಟರಮ್ಮ ಕನ್ನಡಕ ಮೇಲೇರಿಸಿ ನೋಡಿದರು.

"ಈ ಬಣ್ಣ ಯಾರು ಹಾಕಿದ್ದು?"

"ನಾನೇ. ತಡವಾದ ಏಟನ್ನ ಸರಿಮಾಡಿದ ಕಡೆ."

"ಸರಿಮಾಡೋದು ಬಿಟ್ಟು ಕರ್ಕೊಂಡು ಬಂದಿದ್ರೆ ಚೆನ್ನಾಗಿರ್ತಿತ್ತು," ಅಂದರು ಡಾಕ್ಟರಮ್ಮ. ಬೈದಂತೆ ಇರಲಿಲ್ಲ. ಹೊರಗೆ ಬಿಸಿಲಿದೆ ಅನ್ನುವ ಹಾಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ತಲೆಗೆ ಏನಾದ್ರೂ ಏಟು ಬಿದ್ದಿತ್ತಾ?"

"ಇಲ್ಲಮ್ಮ."

"ಶಟರ್," ಅಂದಳು ನಮ್ಮವಳು.

"ಅಯ್ಯೋ, ಅದೇನು ಏಟು," ಅಂದೆ. "ಬುಗುಟು ಕೂಡ ಬರಲಿಲ್ಲ. ಎಲ್ಲರೂ ನಕ್ಕು ಸುಮ್ಮನಾದ್ವಿ."

ಸೊಸೆ ಏನೋ ಹುಡುಕಿ ಒತ್ತಿದಳು. ಅವತ್ತು ಮೈಕುಗಳು ಚಾಲೂ ಇದ್ದವಂತೆ, ತಮಾಷೆಗೆ ಅಂತ ಆ ಚೂರನ್ನು ಉಳಿಸಿಕೊಂಡಿದ್ದಳಂತೆ. ಆ ಸಣ್ಣ ಕೋಣೆಯಲ್ಲಿ ಢಣ್ ಅಂತ ಕಬ್ಬಿಣ ಬಡಿದ ಸದ್ದು. ಅದರ ಹಿಂದೆ ನನ್ನ ಬಾಯಿಂದ ಒಂದು ಮಾತು, ಅದನ್ನು ಇಲ್ಲಿ ಹೇಳುವಂತಿಲ್ಲ. ಅದರ ಹಿಂದೆ ನಾವೆಲ್ಲ ನಗುವುದು: ಕೊಕ್ಕರೆಯ ಕೊಕ್ಕೊಕ್ಕೊ, ಸೊಸೆಯ ಕಿಲಕಿಲ, ಎಲ್ಲರಿಗಿಂತ ಜೋರಾಗಿ ನಾನು. ಆ ನಗು ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಕೇಳುತ್ತಾ ಕೂತ ನಾವು ನಾಲ್ವರೂ ನೆಲ ನೋಡುತ್ತಿದ್ದೆವು.

"ಅದಾದ ಎಷ್ಟೋ ಹಾಡಲ್ಲಿ ಕಾಲು ಸರಿಯಾಗೇ ಇತ್ತಲ್ಲ ಡಾಕ್ಟ್ರೇ," ಅಂದ ಕೊಕ್ಕರೆ.

"ಇರುತ್ತೆ. ವಯಸ್ಸಾದವರಲ್ಲಿ ಒಳಗೆ ನಿಧಾನವಾಗಿ ರಕ್ತ ಒಸರ್ತಾ ಇರುತ್ತೆ. ವಾರಗಟ್ಟಲೆ ಏನೂ ಗೊತ್ತಾಗಲ್ಲ."

ಸ್ಕ್ಯಾನ್ ಮಾಡಿಸಿದರು. ನನ್ನ ತಲೆಯ ಒಳಗನ್ನು ನಾನು ಅವತ್ತೇ ಮೊದಲು ನೋಡಿದ್ದು. ಎಡಗಡೆ, ಬುರುಡೆಗೂ ಮಿದುಳಿಗೂ ನಡುವೆ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಒಂದು ಕಪ್ಪು ಪಟ್ಟಿ. ಅದು ಇಡೀ ಮಿದುಳನ್ನು ಪಕ್ಕಕ್ಕೆ ತಳ್ಳಿತ್ತು. ಬಸ್ಸಿನಲ್ಲಿ ದಪ್ಪನೆಯವನು ಬಂದು ಕೂತರೆ ಕಿಟಕಿ ಪಕ್ಕದವನು ಹೇಗೆ ಮುದುರಿಕೊಳ್ಳುತ್ತಾನೋ, ಹಾಗೆ. ತಲೆಯ ಎಡಭಾಗವೇ ಬಲಗೈ ಬಲಗಾಲನ್ನು ಆಡಿಸುವುದಂತೆ.

"ಇನ್ನೂ ಸ್ವಲ್ಪ ದಿನ ಬಿಟ್ಟಿದ್ರೆ?" ಅಂತ ನಮ್ಮವಳು ಕೇಳಿದಳು.

"ಬಿಟ್ಟಿಲ್ವಲ್ಲ," ಅಂದರು ಡಾಕ್ಟರಮ್ಮ.

ಆ ಉತ್ತರ ಕೇಳಿ ನಮ್ಮವಳು ಕುರ್ಚಿಯ ಕೈ ಹಿಡಿದುಕೊಂಡಳು.

ಬುರುಡೆಗೆ ಒಂದು ಸಣ್ಣ ತೂತು ಕೊರೆದು ಆ ನೀರಾದ ರಕ್ತವನ್ನು ಹೊರಗೆ ಬಿಟ್ಟರು. ಕಾಲು ವಾಪಸ್ಸು ಬರುತ್ತಾ ಅಂತ ಕೇಳಿದ್ದಕ್ಕೆ, ಸಾಮಾನ್ಯವಾಗಿ ಬರುತ್ತೆ, ಎಷ್ಟು ಬರುತ್ತೆ ಅಂತ ಈಗಲೇ ಹೇಳೋಕಾಗಲ್ಲ ಅಂದರು. ಮುಂಡಾಸಿನ ಹಾಗೆ ಬ್ಯಾಂಡೇಜು ಸುತ್ತಿಸಿಕೊಂಡು ಹಾಸಿಗೆಯಲ್ಲಿ ಮಲಗಿ ನಾನು ಹೊದಿಕೆಯ ಒಳಗೆ ಬಲಗಾಲನ್ನು ಆಡಿಸಿ ಆಡಿಸಿ ನೋಡುತ್ತಿದ್ದೆ. ಆಡುತ್ತಿತ್ತು. ಆದರೆ ತಡವೋ ಸರಿಯೋ ಅಂತ ಹೇಳಲು ನನಗೆ ನನ್ನ ಮೇಲೇ ನಂಬಿಕೆ ಇರಲಿಲ್ಲ. ತಡವಾಗಿದ್ದಾಗಲೂ ಸರಿಯಾಗಿದೆ ಅಂದುಕೊಂಡವನೇ ತಾನೆ ನಾನು.

ಸೊಸೆ ಬಂದು ಮಂಚದ ಕಾಲ ಬಳಿ ನಿಂತಳು. ಕೂರು ಅಂದರೂ ಕೂರಲಿಲ್ಲ.

"ಬೈದುಬಿಡಿ ಮಾವ," ಅಂದಳು.

"ಈಗ ಬೈದ್ರೆ ಹೊಲಿಗೆ ಬಿಚ್ಚುತ್ತೆ. ಬಾಕಿ ಇಟ್ಟಿರ್ತೀನಿ."

ಅವಳು ನಗಲಿಲ್ಲ. ಕಣ್ಣು ಒರೆಸಿಕೊಂಡಳು. "ನಾನು ಅಷ್ಟು ಚೆನ್ನಾಗಿ ಮಾಡಬಾರದಿತ್ತು. ಹೊಲಿಗೆ ಸ್ವಲ್ಪ ಕಾಣೋ ಹಾಗೆ ಮಾಡಿದ್ರೂ ನಿಮಗೆ ಗೊತ್ತಾಗ್ತಿತ್ತು."

"ನನಗೆ ಗೊತ್ತಾಗ್ತಿರಲಿಲ್ಲ ಬಿಡು. ಪೆಡಲ್ ಅಂಗಡಿಯವನಿಗೆ ಗ್ರಹಚಾರ ಬಿಡಿಸ್ತಿದ್ದೆ."

ಆಗ ಸ್ವಲ್ಪ ನಕ್ಕಳು. ನಾನೂ ನಕ್ಕೆ, ತಲೆ ನೋವಾಯಿತು.

ಡಾಕ್ಟರಮ್ಮ ಇನ್ನು ಪರವಾಗಿಲ್ಲ ಅಂದ ಮೇಲೆ ಒಂದು ಬೆಳಿಗ್ಗೆ ಶಟರಿಗೆ ನೆಲ ಮುಟ್ಟುವಷ್ಟು ಬಗ್ಗಿ ಒಳಗೆ ಹೋದೆ. ಕೊಕ್ಕರೆ ಮೊದಲೇ ಬಂದು ಗೋಡೆಗೆ ಒರಗಿದ್ದ. ಕಡ್ಡಿಗಳು ಅವನ ಹಿಂದಿನ ಜೇಬಿನಲ್ಲಿದ್ದವು. ಯಾವಾಗ ಎತ್ತಿಕೊಂಡಿದ್ದನೋ. "ಮಾತು ಅಂದ್ರೆ ಮಾತು ಅಂದಿದ್ದೆ," ಅಂದ. "ಈಗ ಸಾಲ ಕೊಡ್ತಿದ್ದೀನಿ. ನೋಡೋಣ."

ಅದೇ ಹಾಡು. ಕಿವಿಯಲ್ಲಿ ಟಿಕ್ ಟಿಕ್. ನುಡಿಸಿದೆ. ಕೂದಲು ಬಾರದ ತಲೆಯಿಂದ ಬೆವರು ನೇರ ಕಣ್ಣಿಗೆ ಇಳಿಯುತ್ತಿತ್ತು. ಮುಗಿಸಿ ಹೆಡ್‌ಫೋನ್ ತೆಗೆದೆ.

"ಟೀ..." ಅಂತ ಸೊಸೆಯ ಬಾಯಿಂದ ಅಭ್ಯಾಸಬಲದಿಂದ ಹೊರಟಿತು. ಅಲ್ಲೇ ನುಂಗಿದಳು.

"ಟೀ ಬೇಡ. ಇಲ್ಲೇ ಕೂತಿರ್ತೀನಿ. ಎರಡೂ ಕೈ ಮೇಲೆತ್ತು. ಮುಟ್ಟದೆ ಹಾಕು."

"ಕೈ ಮೇಲೆತ್ತಿದ್ರೆ ಹೆಂಗ್ ಹಾಕ್ಲಿ ಮಾವ?"

"ಒಂದು ಬೆರಳಲ್ಲಿ ಹಾಕು."

ಹಾಕಿದಳು. ನನಗೆ ಕೇಳುವ ಧೈರ್ಯ ಇರಲಿಲ್ಲ, ಪರದೆಯನ್ನೇ ನೋಡಿದೆ. ಕಿಕ್ಕಿನ ಸಾಲು. ಮುಳ್ಳುಗಳು ಗೆರೆಯ ಮೇಲೆ ನಿಂತಿದ್ದವು. ಸೈನಿಕರ ಹಾಗಲ್ಲ, ಪಡಿತರದ ಸಾಲಿನಲ್ಲಿ ನಿಂತವರ ಹಾಗೆ, ಒಬ್ಬ ಸ್ವಲ್ಪ ಮುಂದೆ ಒಬ್ಬ ಸ್ವಲ್ಪ ಹಿಂದೆ. ಆದರೆ ಎಲ್ಲರೂ ಇದ್ದರು. ಒಬ್ಬನೂ ತಪ್ಪಿಸಿಕೊಂಡಿರಲಿಲ್ಲ. ನನ್ನ ಕಾಲು ವಾಪಸ್ಸು ಬಂದಿತ್ತು.

ಉಸಿರು ಬಿಡುವಷ್ಟರಲ್ಲಿ ಕಣ್ಣು ಕೆಳಗಿನ ಸಾಲಿಗೆ ಹೋಯಿತು. ಸ್ನೇರ್. ಎಡಗೈಯದು. ಅಲ್ಲಿ ಪ್ರತಿಯೊಂದು ಮುಳ್ಳೂ ಗೆರೆ ದಾಟಿ ಆಚೆ ನಿಂತಿತ್ತು. ಒಂದೂ ಬಿಡದೆ.

ಆ ಸಾಲಿನ ಮೇಲೆ ಬೆರಳಿಟ್ಟೆ. "ಇದೇನಮ್ಮ ಇದು. ಈಗ ಎಡಗೈ ಹೋಯ್ತಾ? ಆ ಕಡೆ ಸೋರೋಕೆ ಶುರುವಾಯ್ತಾ?"

ಸೊಸೆ ಕೊಕ್ಕರೆಯನ್ನು ನೋಡಿದಳು. ಕೊಕ್ಕರೆ ಸೂರು ನೋಡಿದ.

"ಹೇಳಮ್ಮ. ಇನ್ನು ಮೇಲೆ ಮುಚ್ಚಿಡೋದು ಬೇಡ ಅಂತ ನಾನು ಹೇಳಿಲ್ವಾ?"

ಅವಳು ಮೊಟ್ಟಮೊದಲ ಹಾಡನ್ನು ತೆರೆದಳು, ಶಟರ್ ಬಡಿಯುವುದಕ್ಕಿಂತ ಎಷ್ಟೋ ಹಿಂದಿನದು. ಸ್ನೇರಿನ ಸಾಲು. ಎಲ್ಲ ಮುಳ್ಳುಗಳೂ ಗೆರೆಯ ಆಚೆ. ಅಷ್ಟೇ ದೂರ. ಆಮೇಲೆ ಇನ್ನೊಂದು ತೆರೆದಳು. ನಮ್ಮ ಕ್ಯಾಸೆಟ್ ಕಾಲದ ಹಾಡು, ಎಲ್ಲಿಂದಲೋ ಹುಡುಕಿ ತಂದು ಕಂಪ್ಯೂಟರಿಗೆ ಇಳಿಸಿದ್ದಳು. ನನ್ನ ತಲೆ ಕಪ್ಪಗಿದ್ದಾಗಿನದು. ಅಲ್ಲೂ ಎಡಗೈ ಬಲಗೈಗಿಂತ ಅಷ್ಟೇ ಹಿಂದೆ.

"ಇದು ಮೊದಲಿಂದಲೂ ಹಿಂಗೇ ಮಾವ. ಇದನ್ನ ನಾನು ಯಾವತ್ತೂ ಮುಟ್ಟಿಲ್ಲ."

"ಅಂದ್ರೆ ನಾನು ತಡ? ಯಾವಾಗಲೂ?"

"ಯಾವಾಗಲೂ," ಅಂದ ಕೊಕ್ಕರೆ. "ನೀನು ಏಟು ಹಾಕೋಕೆ ಮುಂಚೆ ಒಂದು ಕ್ಷಣ ಸೋಮಾರಿತನ ಮಾಡ್ತೀಯ. ಆ ಸಂದಿಯಲ್ಲೇ ನಾನು ಇಷ್ಟು ವರ್ಷ ಕೂತು ನುಡಿಸಿದ್ದು. ಅದನ್ನ ಗೆರೆಗೆ ಎಳೆದ್ರೆ ನಾನು ಬ್ಯಾಂಡ್ ಬಿಡ್ತೀನಿ ಅಂತ ನಿನ್ನ ಸೊಸೆಗೆ ಮೊದಲನೇ ದಿನವೇ ಹೇಳಿದ್ದೆ."

"ಮತ್ತೆ ಆ ಮ್ಯಾನೇಜರ್ ಗಡಿಯಾರ ಸರಿ ಮಾಡ್ಕೋಬಹುದು ಅಂದಿದ್ದು?"

"ಅವನ ಹೋಟೆಲಲ್ಲಿ ಯಾವ ಗಡಿಯಾರ ತಾನೇ ಸರಿಯಾಗಿತ್ತು?"

ನಾನು ಕೂತೇ ಇದ್ದೆ. ತಲೆಯಲ್ಲಿ ತೂತು ಕೊರೆದಾಗ ಆಗದ ಆಘಾತ ಈಗ ಆಗಿತ್ತು. ನನ್ನ ಬಾಯಿ ತೆರೆದೇ ಇತ್ತು ಅಂತ ಇವರು ಈಗಲೂ ಆಡಿಕೊಳ್ಳುತ್ತಾರೆ. ಪರದೆಯ ಮೇಲೆ ಹಳೆಯ ಹಾಡಿನ ಮುಳ್ಳುಗಳು, ಹೊಸ ಹಾಡಿನ ಮುಳ್ಳುಗಳು, ಎರಡೂ ಸಾಲು ಅಷ್ಟಷ್ಟೇ ತಡವಾಗಿ ಜೊತೆಗೆ ನಿಂತಿದ್ದವು.

ಸೊಸೆಯ ಫೋನು ಮೇಜಿನ ಮೇಲೆ ಗುರ್ ಅಂದಿತು. ಅವಳು ನೋಡಿ, ಮುಚ್ಚಿಡದೆ ನನ್ನ ಕಡೆಗೇ ತಿರುಗಿಸಿದಳು. ಒಳಮನೆಯಿಂದ ನಮ್ಮವಳು ಕಳಿಸಿದ್ದು: ಟೀ ಇಟ್ಟಿದ್ದೀನಿ, ಹಿಡ್ಕೊಳ್ಳಬೇಕಾ ಬೇಡವಾ?

"ಏನಂತ ಹೇಳ್ಲಿ ಮಾವ?"

"ಇಲ್ಲಿಗೇ ತರೋಕೆ ಹೇಳು," ಅಂದೆ. "ಶಟರ್ ಹತ್ರ ಬಗ್ಗಿ ಬಾ ಅನ್ನು."

ಕೊಕ್ಕರೆ ಗಿಟಾರನ್ನು ಕೊರಳಿಗೆ ಹಾಕಿಕೊಂಡು ಒಂದು ಕಾಲಿಗೆ ಭಾರ ಬಿಟ್ಟ. ನಾನು ಬಲಗಾಲನ್ನು ಪೆಡಲಿನ ಮೇಲೆ ಇಟ್ಟೆ.